ಹಳೆಯ ಝೆನ್‌ಗೆ ಸ್ವಿಫ್ಟ್‌ನ ಡೀಸೆಲ್ ಎಂಜಿನ್ ಕೂರಿಸಬಹುದೇ?

ಪ್ರಶ್ನೆ: ನಾನು ಪುಣೆ ಪಕ್ಕದ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಊರು ಬೆಳಗಾವಿ. ತಂದೆಯವರು 2003ರಲ್ಲಿ ಇಲ್ಲಿಯೇ ಕೊಂಡ ಮಾರುತಿಯ ಪೆಟ್ರೋಲ್ ಝೆನ್ ಕಾರು ಈಗ ನನ್ನ ಬಳಿ ಇದೆ. 1,60,000 ಕಿ.ಮೀ. ಓಡಿದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತದೆ, ಖಂಬಾಟ್ಕಿ ಘಾಟಿನಲ್ಲಿ ಎಸಿ ಹಾಕಿದರೆ ಏರಲು ಒದ್ದಾಡುತ್ತದೆ, ಲೀಟರಿಗೆ 11 ಕಿ.ಮೀ. ಮಾತ್ರ ಕೊಡುತ್ತಿದೆ. ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುತ್ತೇನೆ, ಉಳಿದಂತೆ ಊರೊಳಗಿನ ಓಡಾಟ. ಪರಿಚಯದ ಮೆಕ್ಯಾನಿಕ್ ಒಬ್ಬರು ಅಪಘಾತವಾದ ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಇದೆ, ಗೇರ್‌ಬಾಕ್ಸ್ ಸಮೇತ 85,000 ರೂಪಾಯಿಗೆ ಕೂರಿಸಿಕೊಡುತ್ತೇನೆ ಎನ್ನುತ್ತಾರೆ. ಕಾರನ್ನು ಮಾರಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಕೂರಿಸಬೇಡಿ. ಇಷ್ಟು ಬೇಗ ಹೇಳಿಬಿಟ್ಟರೆಂದು ಬೇಸರವಾಗದಿರಲಿ. ಕಾರಣಗಳನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇದೇ ಪ್ರಶ್ನೆಯನ್ನು ಪಿಂಪ್ರಿ, ಚಾಕಣ, ಹಡಪಸರ ಕಡೆಯ ನಮ್ಮ ಹುಡುಗರು ನನ್ನ ಗ್ಯಾರೇಜಿಗೆ ಬಂದು ಎಷ್ಟೋ ಸಲ ಕೇಳಿದ್ದಾರೆ. ಲೇತ್ ಮುಂದೆ ದಿನಗಳೆಯುವ ನಿಮ್ಮಂಥವರಿಗೆ ಕಬ್ಬಿಣದ ಕೆಲಸ ಯಾವುದೂ ಅಸಾಧ್ಯ ಎನ್ನಿಸುವುದಿಲ್ಲ. ಆ ಧೈರ್ಯ ನನಗೆ ಇಷ್ಟ. ಆದರೆ ಇಲ್ಲಿ ಕಬ್ಬಿಣದ ಕೆಲಸ ಕಾಲು ಭಾಗ ಮಾತ್ರ.

ಮೊದಲು ಆ ಎಂಜಿನ್‌ಗೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ಫಿಯೆಟ್ ರೂಪಿಸಿದ 1,248 ಸಿಸಿಯ ಮಲ್ಟಿಜೆಟ್ ನಮ್ಮ ದೇಶದ ಸಣ್ಣ ಕಾರುಗಳ ಚರಿತ್ರೆಯಲ್ಲೇ ಅತ್ಯಂತ ಯಶಸ್ವಿ ಡೀಸೆಲ್ ಎಂಜಿನ್‌ಗಳಲ್ಲಿ ಒಂದು. ಮಾರುತಿಯವರು 2007ರಲ್ಲಿ ಇದನ್ನು ಸ್ವಿಫ್ಟ್‌ಗೆ ತಂದರು. ಟಾಟಾದವರ ಇಂಡಿಕಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿ ಬಂದದ್ದೂ ಇದೇ. ಪುಣೆಯಿಂದ 50 ಕಿ.ಮೀ. ದೂರದ ರಂಜನಗಾಂವ್‌ನ ಕಾರ್ಖಾನೆಯಲ್ಲಿ ಇದು ತಯಾರಾಗುತ್ತಿತ್ತು, ಹಾಗಾಗಿ ನಮ್ಮೂರಿನ ಮೆಕ್ಯಾನಿಕ್‌ಗಳಿಗೆ ಇದರ ಒಳಹೊರಗೆಲ್ಲ ಗೊತ್ತು. 75 ಅಶ್ವಶಕ್ತಿ, ನಿಮಿಷಕ್ಕೆ 2,000 ಸುತ್ತಿನಲ್ಲೇ 190 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ನಿಮ್ಮ ಝೆನ್‌ನ 993 ಸಿಸಿ ಎಂಜಿನ್‌ಗೆ 60 ಅಶ್ವಶಕ್ತಿ ಇದೆ, ಟಾರ್ಕ್ ಮಾತ್ರ 80ನ್ನೂ ಮುಟ್ಟುವುದಿಲ್ಲ, ಅದೂ 4,500 ಸುತ್ತಿಗೆ ಏರಿದ ಮೇಲೆ. ಸ್ವಿಫ್ಟ್ ಡೀಸೆಲ್ ಓಡಿಸಿದವರು ಘಾಟಿ ಏರುವಾಗ ಬೆನ್ನಿಗೆ ಯಾರೋ ಕೈಯಿಟ್ಟು ತಳ್ಳಿದಂತಾಗುತ್ತದೆ ಎನ್ನುತ್ತಾರೆ. ಅದು ಸುಳ್ಳಲ್ಲ. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ.

ತೊಡಕು ಶುರುವಾಗುವುದು ಅದೇ 190 ಎಂಬ ಅಂಕಿಯಿಂದ. ಝೆನ್‌ನ ಕ್ಲಚ್, ಗೇರ್‌ಬಾಕ್ಸ್, ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಬಲ ಒಯ್ಯುವ ದಂಡವಾದ ಡ್ರೈವ್‌ಶಾಫ್ಟ್, ಮುಂದಿನ ಲೋವರ್ ಆರ್ಮ್, ಎಂಜಿನ್ ಮೌಂಟಿಂಗ್ ಕೂರುವ ತಗಡು, ಎಲ್ಲವೂ 80ರ ಲೆಕ್ಕಕ್ಕೆ ಮಾಡಿದವು. ಎರಡೂವರೆ ಪಟ್ಟಿಗೆ ಹತ್ತಿರದ ಬಲ ಒಮ್ಮೆಲೇ ಬಂದರೆ ಝೆನ್‌ನ ಗೇರ್‌ಬಾಕ್ಸ್ ಬಹಳ ದಿನ ತಾಳುವುದಿಲ್ಲ. ಇದು ಗೊತ್ತಿದ್ದೇ ನಿಮ್ಮ ಮೆಕ್ಯಾನಿಕ್ ಸ್ವಿಫ್ಟ್‌ನ ಗೇರ್‌ಬಾಕ್ಸನ್ನೂ ಸೇರಿಸಿದ್ದಾರೆ. ಸರಿ, ಆದರೆ ಸ್ವಿಫ್ಟ್ ಅಗಲದ ಕಾರು. ಅದರ ಡ್ರೈವ್‌ಶಾಫ್ಟ್ ಝೆನ್‌ನ ಚಕ್ರಕ್ಕೆ ಉದ್ದವಾಗುತ್ತದೆ, ತುದಿಯ ಹಲ್ಲುಗಳೂ ಹೊಂದುವುದಿಲ್ಲ. ಆಗ ಏನು ಮಾಡುತ್ತಾರೆ? ಗೇರ್‌ಬಾಕ್ಸ್ ಕಡೆಗೆ ಸ್ವಿಫ್ಟ್‌ನ ಅರ್ಧ, ಚಕ್ರದ ಕಡೆಗೆ ಝೆನ್‌ನ ಅರ್ಧ, ನಡುವೆ ಕತ್ತರಿಸಿ ಬೆಸುಗೆ. ಡ್ರೈವ್‌ಶಾಫ್ಟ್ ಉಷ್ಣ ಸಂಸ್ಕರಣೆ ಪಡೆದ ಉಕ್ಕು. ಬೆಸುಗೆಯ ಶಾಖ ತಗುಲಿದ ಕಡೆ ಆ ಗಟ್ಟಿತನ ಹೋಗುತ್ತದೆ, ಪಕ್ಕದಲ್ಲೇ ಗಾಜಿನಂತೆ ಪೆಡಸಾದ ಪಟ್ಟಿಯೊಂದು ಹುಟ್ಟುತ್ತದೆ. ನೀವೇ ಕಾರ್ಖಾನೆಯಲ್ಲಿ ಇಂಥ ಮುರಿತಗಳನ್ನು ನೋಡಿರುತ್ತೀರಿ. ಅದು ಮನೆಯ ಮುಂದೆ ಮುರಿದರೆ ನಷ್ಟವಷ್ಟೇ. ಕರಾಡ ದಾಟಿ ಹೆದ್ದಾರಿಯಲ್ಲಿ ಮುರಿದು, ತುಂಡಾದ ಶಾಫ್ಟ್ ತಿರುಗುತ್ತ ಬ್ರೇಕ್ ಪೈಪಿಗೆ ಬಡಿದರೆ ಏನಾಗುತ್ತದೆಂದು ಯೋಚಿಸಿ.

ಗೇರ್‌ಬಾಕ್ಸ್ ಬದಲಿಸುವುದರಲ್ಲಿ ಇನ್ನೊಂದು ಲೆಕ್ಕವನ್ನು ಬಹುತೇಕರು ಹಾಕುವುದೇ ಇಲ್ಲ. ಝೆನ್‌ನ ಟೈರು 145/70 ಆರ್13. ಡೀಸೆಲ್ ಸ್ವಿಫ್ಟ್‌ನದು 165/80 ಆರ್14. ಮೊದಲನೆಯದರ ವ್ಯಾಸ ಸುಮಾರು 533 ಮಿ.ಮೀ., ಎರಡನೆಯದರದು ಸುಮಾರು 620. ಅಂದರೆ ಸ್ವಿಫ್ಟ್‌ನ ಗೇರ್ ಅನುಪಾತಗಳು ದೊಡ್ಡ ಚಕ್ರಕ್ಕೆಂದು ಲೆಕ್ಕ ಹಾಕಿದವು. ಅದೇ ಗೇರ್‌ಬಾಕ್ಸ್ ಝೆನ್‌ನ ಪುಟ್ಟ ಚಕ್ರವನ್ನು ತಿರುಗಿಸಿದಾಗ ಅದೇ ವೇಗಕ್ಕೆ ಎಂಜಿನ್ ಶೇ 16ರಷ್ಟು ಹೆಚ್ಚು ಸುತ್ತಬೇಕು. ಸ್ವಿಫ್ಟ್‌ನಲ್ಲಿ 2,500 ಸುತ್ತಿಗೆ ಸಿಗುತ್ತಿದ್ದ ವೇಗಕ್ಕೆ ನಿಮ್ಮಲ್ಲಿ 2,900 ಬೇಕಾಗುತ್ತದೆ. ಡೀಸೆಲ್ ಹಾಕುವುದೇ ಉಳಿತಾಯಕ್ಕೆಂದು. ಆ ಉಳಿತಾಯದ ಒಂದು ಪಾಲು ಇಲ್ಲಿಯೇ ಸೋರಿಹೋಗುತ್ತದೆ. ದೊಡ್ಡ ಚಕ್ರ ಹಾಕೋಣವೆಂದರೆ ಝೆನ್‌ನ ಚಕ್ರದ ಗೂಡಿನಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನು ತೂಕ. ಝೆನ್‌ನ ಎಂಜಿನ್ ಪೂರ್ತಿ ಅಲ್ಯೂಮಿನಿಯಂ. ಇಡೀ ಕಾರು 750 ಕಿಲೊ ಆಸುಪಾಸು. ಹಗುರವಾಗಿರುವುದೇ ಅದರ ಗುಣ. ನಿಮ್ಮ ತಂದೆಯವರು ಈ ಕಾರನ್ನು ಮೆಚ್ಚಿ ಕೊಂಡದ್ದಕ್ಕೂ ಬಹುಶಃ ಅದೇ ಕಾರಣವಿರಬೇಕು. ಸ್ಟಿಯರಿಂಗ್ ಬೆರಳ ತುದಿಗೆ ಸಿಗುತ್ತದೆ, ಲಕ್ಷ್ಮೀ ರಸ್ತೆಯ ಇಕ್ಕಟ್ಟಿನಲ್ಲೂ ಮೀನಿನಂತೆ ನುಸುಳುತ್ತದೆ. ಮಲ್ಟಿಜೆಟ್‌ನ ಬ್ಲಾಕ್ ಎರಕದ ಕಬ್ಬಿಣ. ಎಂಜಿನ್ ಒಂದೇ 130 ಕಿಲೊ ಎಂದು ಫಿಯೆಟ್ ಹೇಳುತ್ತಿತ್ತು. ಅದಕ್ಕೆ ದೊಡ್ಡ ಗೇರ್‌ಬಾಕ್ಸ್, ದೊಡ್ಡ ಬ್ಯಾಟರಿ, ದೊಡ್ಡ ರೇಡಿಯೇಟರ್ ಸೇರಿಸಿ. ಈ ಹೆಚ್ಚುವರಿ ಭಾರವೆಲ್ಲ ಮುಂದಿನ ಆಕ್ಸಲ್‌ನ ಮುಂದೆಯೇ ಕೂರುತ್ತದೆ. ಮುಂದಿನ ಸ್ಪ್ರಿಂಗ್ ಕುಸಿಯುತ್ತದೆ, ಚಕ್ರಗಳ ಕೋನ ತಪ್ಪುತ್ತದೆ, ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಹಗುರಾಗಿ ಬೇಗ ಜಾಮ್ ಆಗುತ್ತವೆ. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲದ ಕಾರಿನಲ್ಲಿ ಮಳೆಗಾಲದ ದಿನ ಇದು ಸಣ್ಣ ಮಾತಲ್ಲ.

ಇಲ್ಲಿ ನನ್ನದೊಂದು ಹಳೆಯ ನೆನಪು ಹೇಳಬೇಕು. ನಾನು ಗದಗದಿಂದ ಮುಂಬೈಗೆ ಬಂದು ಕುರ್ಲಾದ ಗ್ಯಾರೇಜೊಂದರಲ್ಲಿ ಕೆಲಸಕ್ಕೆ ಸೇರಿದ್ದು 1990ರ ದಶಕದಲ್ಲಿ. ಪ್ರೀಮಿಯರ್ ಪದ್ಮಿನಿ ತಯಾರಾಗುತ್ತಿದ್ದ ಕಾರ್ಖಾನೆಯೂ ಕುರ್ಲಾದಲ್ಲೇ ಇತ್ತು. ಆಗ ಟ್ಯಾಕ್ಸಿಯವರಿಗೆ ಪೆಟ್ರೋಲಿನ ಬೆಲೆ ತಾಳಲಾರದೆ ಡೀಸೆಲ್ ಎಂಜಿನ್ ಕೂರಿಸುವ ಹುಚ್ಚು ಹತ್ತಿತ್ತು. ನಾವು ಹುಡುಗರು ಹಗಲೂ ರಾತ್ರಿ ಅದೇ ಕೆಲಸ ಮಾಡಿದ್ದೇವೆ. ಪದ್ಮಿನಿಯಲ್ಲಿ ಎಂಜಿನ್ ಉದ್ದುದ್ದ ಕೂರುತ್ತದೆ, ಹಿಂದಿನ ಚಕ್ರ ಎಳೆಯುತ್ತದೆ, ಕಂಪ್ಯೂಟರ್ ಎಂಬುದೇ ಇಲ್ಲ. ಬದಲಾವಣೆಗೆ ಅದಕ್ಕಿಂತ ಸುಲಭದ ಕಾರು ಬೇರೆ ಇರಲಿಲ್ಲ. ಆದರೂ ವರ್ಷ ತುಂಬುವುದರೊಳಗೆ ಅವೇ ಟ್ಯಾಕ್ಸಿಗಳು ಮರಳಿ ಬರುತ್ತಿದ್ದವು. ಮೌಂಟಿಂಗ್ ರಬ್ಬರ್ ಹರಿದಿರುತ್ತಿತ್ತು, ಕ್ರಾಸ್‌ಮೆಂಬರ್ ಬಿರುಕು ಬಿಟ್ಟಿರುತ್ತಿತ್ತು, ಡ್ಯಾಶ್‌ಬೋರ್ಡಿನ ಸ್ಕ್ರೂಗಳು ಅದುರಿ ಅದುರಿ ಬಿದ್ದಿರುತ್ತಿದ್ದವು. ಬೆಸುಗೆ ಹಾಕಿ ಕಳಿಸಿದರೆ ಅದರ ಪಕ್ಕದಲ್ಲಿ ಇನ್ನೊಂದು ಬಿರುಕು. ನಮ್ಮ ಉಸ್ತಾದರು ಒಂದು ಮಾತು ಹೇಳುತ್ತಿದ್ದರು: ಎಂಜಿನ್ ತನ್ನ ಮನೆಯನ್ನು ತಾನೇ ಕೆಡವುತ್ತದೆ. ಕೆಲವು ವರ್ಷಗಳಲ್ಲಿ ಬಾಂಬೆ ಹೈಕೋರ್ಟಿನ ಆದೇಶಗಳು ಬಂದು ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ತಿರುಗಿದವು. ನಾವು ಕೂರಿಸಿದ್ದ ಡೀಸೆಲ್ ಎಂಜಿನ್‌ಗಳನ್ನು ನಾವೇ ಬಿಚ್ಚಿದೆವು. ಸಾಲ ಮಾಡಿ ಹಾಕಿಸಿಕೊಂಡಿದ್ದ ಡ್ರೈವರ್‌ಗಳ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಪದ್ಮಿನಿಯ ಕಾಲದ ಡೀಸೆಲ್‌ಗೆ ಎಣ್ಣೆ ಮತ್ತು ಗಾಳಿ ಸಿಕ್ಕರೆ ಓಡುತ್ತಿತ್ತು. ಮಲ್ಟಿಜೆಟ್ ಹಾಗಲ್ಲ. ಇಂಜೆಕ್ಟರ್‌ಗಳಿಗೆಲ್ಲ ಡೀಸೆಲ್ ಹಂಚುವ ಕಾಮನ್ ರೇಲ್ ಎಂಬ ಕೊಳವೆಯಲ್ಲಿ ಡೀಸೆಲ್ 1,400 ಬಾರ್‌ವರೆಗಿನ ಒತ್ತಡದಲ್ಲಿ ನಿಂತಿರುತ್ತದೆ. ಯಾವ ಇಂಜೆಕ್ಟರ್ ಯಾವ ಕ್ಷಣ ಎಷ್ಟು ಹೊತ್ತು ತೆರೆಯಬೇಕೆಂದು ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ತೀರ್ಮಾನಿಸುತ್ತದೆ. ಅದಕ್ಕೆ ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್, ರೇಲ್ ಒತ್ತಡದ ಸೆನ್ಸರ್, ಗಾಳಿಯ ಸೆನ್ಸರ್, ಆಕ್ಸಿಲರೇಟರ್ ಪೆಡಲ್‌ನ ಸೆನ್ಸರ್, ಇವೆಲ್ಲ ಬೇಕು. ಝೆನ್‌ನ ಆಕ್ಸಿಲರೇಟರ್ ಒಂದು ತಂತಿ, ಅಷ್ಟೇ. ಹಾಗಾಗಿ ಪೆಡಲ್ ಕೂಡ ಸ್ವಿಫ್ಟ್‌ನದೇ ಬೇಕು. ಜೊತೆಗೆ ಇಮೊಬಿಲೈಸರ್ ಇದೆ. ಕೀಲಿಯೊಳಗಿನ ಚಿಪ್ಪನ್ನು ಗುರುತಿಸದಿದ್ದರೆ ಇಸಿಯು ಎಂಜಿನ್ ಚಾಲೂ ಆಗಲು ಬಿಡುವುದಿಲ್ಲ. ನಿಮ್ಮ ಮೆಕ್ಯಾನಿಕ್ ಬಳಿ ಆ ಅಪಘಾತದ ಕಾರಿನ ಇಸಿಯು, ಕೀಲಿ, ಇಮೊಬಿಲೈಸರ್, ಪೂರ್ತಿ ವೈರಿಂಗ್ ಕತ್ತರಿಸದೆ ಇವೆಯೇ ಎಂದು ಕೇಳಿ ನೋಡಿ. ಗುಜರಿಯಲ್ಲಿ ಎಂಜಿನ್ ಇಳಿಸುವವರು ಮೊದಲು ಕತ್ತರಿ ಹಾಕುವುದೇ ವೈರಿಂಗಿಗೆ.

ಇಂಧನದ ಹಾದಿಯೂ ಹಾಗೆಯೇ. ಪೆಟ್ರೋಲ್ ಟ್ಯಾಂಕಿಗೆ ಡೀಸೆಲ್ ತುಂಬಿಸಿದರೆ ಮುಗಿಯಲಿಲ್ಲ. ಡೀಸೆಲ್‌ಗೆ ಮರಳುವ ಪೈಪು ಬೇರೆ, ನೀರು ಬೇರ್ಪಡಿಸುವ ಫಿಲ್ಟರ್ ಬೇರೆ. ಇಪ್ಪತ್ತು ವರ್ಷ ಹಳೆಯ ಟ್ಯಾಂಕಿನ ತಳದಲ್ಲಿ ತುಕ್ಕಿನ ಪುಡಿ ಇದ್ದೇ ಇರುತ್ತದೆ, ಅದು ಇಂಜೆಕ್ಟರ್‌ಗೆ ವಿಷ. ಆ ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಎಣ್ಣೆ. ಉಳಿದ ಪೆಟ್ರೋಲ್ ಬೆರೆತರೂ ಅದರ ಜಿಡ್ಡು ಕಡಿಮೆಯಾಗಿ ಪಂಪು ಸವೆಯುತ್ತದೆ. ಬ್ರೇಕ್ ವಿಷಯದಲ್ಲಿ ಅನೇಕರು ಮರೆಯುವ ಸಂಗತಿಯೊಂದಿದೆ. ಪೆಟ್ರೋಲ್ ಎಂಜಿನ್‌ನಲ್ಲಿ ಪೆಡಲ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಸಿಗುತ್ತದೆ. ಡೀಸೆಲ್‌ನಲ್ಲಿ ಅದು ಸಿಗುವುದಿಲ್ಲ, ಅದಕ್ಕೆಂದೇ ಕ್ಯಾಮ್‌ಶಾಫ್ಟ್ ತಿರುಗಿಸುವ ವ್ಯಾಕ್ಯೂಮ್ ಪಂಪು ಇದೆ. ಆ ಪೈಪನ್ನು ಸರಿಯಾಗಿ ಕೂಡಿಸದ ಕಾರೊಂದನ್ನು ಒಮ್ಮೆ ನನ್ನ ಬಳಿ ತಂದಿದ್ದರು. ಅಂಗಳದಲ್ಲೇ ಪೆಡಲ್ ಕಲ್ಲಿನಂತೆ ನಿಂತಿತ್ತು, ಅದನ್ನೇ ರಸ್ತೆಯ ಮೇಲೆ ಓಡಿಸಿಕೊಂಡು ಬಂದಿದ್ದರು.

ನೀವು ಕೇಳಬಹುದು, ಮಾರುತಿಯವರೇ ಡೀಸೆಲ್ ಝೆನ್ ಮಾರಿದ್ದರಲ್ಲ ಎಂದು. ನಿಜ. 1998ರಿಂದ ಝೆನ್ ಡೀಸೆಲ್ ಇತ್ತು. ಅದರಲ್ಲಿದ್ದದ್ದು ಪ್ಯೂಜೊ ಕಂಪನಿಯ 1,527 ಸಿಸಿ ಎಂಜಿನ್. ಟರ್ಬೊ ಇಲ್ಲ, ಕಾಮನ್ ರೇಲ್ ಇಲ್ಲ, ಅಶ್ವಶಕ್ತಿ 57ರ ಆಸುಪಾಸು. ಮೂತಿ ಭಾರವೆಂದು ಅದನ್ನು ಓಡಿಸಿದವರೆಲ್ಲ ಹೇಳುತ್ತಿದ್ದರು. ಆದರೂ ಅದು ನಂಬಿಕೆಯ ಗಾಡಿ, ಏಕೆಂದರೆ ಆ ಎಂಜಿನ್‌ಗೆ ತಕ್ಕಂತೆ ಉಳಿದದ್ದನ್ನೆಲ್ಲ ಕಂಪನಿಯೇ ಹೊಂದಿಸಿ, ಪರೀಕ್ಷೆ ಮಾಡಿಸಿ, ಅನುಮೋದನೆ ಪಡೆದು ಮಾರಿತ್ತು. ಅಂಥ ಪರೀಕ್ಷೆ ನಡೆಸುವ ಎಆರ್‌ಎಐ ಸಂಸ್ಥೆ ನಮ್ಮ ಪುಣೆಯಲ್ಲೇ, ಕೋಥರೂಡ್ ಪಕ್ಕದ ವೇತಾಳ ಗುಡ್ಡದ ಮೇಲಿದೆ. ಒಂದು ಮಾದರಿಯ ಕಾರಿಗೆ ಅಲ್ಲಿ ಹೊಗೆ, ಬ್ರೇಕ್, ಶಬ್ದ ಎಲ್ಲವನ್ನೂ ಅಳೆದ ಮೇಲೆಯೇ ಪ್ರಮಾಣಪತ್ರ ಸಿಗುತ್ತದೆ. ಆ ಕೆಲಸವನ್ನು ಗ್ಯಾರೇಜಿನ ಅಂಗಳದಲ್ಲಿ ಒಬ್ಬರು ಎರಡು ವಾರದಲ್ಲಿ ಮಾಡಿ ಮುಗಿಸಲಾರರು, ಅವರು ಎಷ್ಟೇ ಜಾಣರಾಗಿದ್ದರೂ.

ಕಾನೂನಿಗೆ ಬರೋಣ. ಇದನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಇಂಧನ ಬದಲಿಸಲು ಕಾಯ್ದೆಯಲ್ಲೇ ಒಂದು ದಾರಿ ಇದೆ: ಅನುಮೋದಿತ ಕಿಟ್ ಮೂಲಕ ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಹೋಗಬಹುದು. ಗುಜರಿಯಿಂದ ತಂದ ಡೀಸೆಲ್ ಎಂಜಿನ್ ಕಿಟ್ ಅಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಅನುಮತಿಯಿಲ್ಲದ ಇಂಥ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಅಲ್ಲಿ ಹೊಣೆ ನಿಮ್ಮದು, ಮೆಕ್ಯಾನಿಕ್‌ನದಲ್ಲ.

ಯಾರು ನೋಡುತ್ತಾರೆ ಎಂದು ನಿಮ್ಮ ಮೆಕ್ಯಾನಿಕ್ ಹೇಳಿರಬಹುದು. ಮೊದಲು ನೋಡುವುದು ಪಿಯುಸಿ, ಅಂದರೆ ಹೊಗೆ ತಪಾಸಣೆಯ ಯಂತ್ರ. ಬಿಎಸ್ 4 ಎಂಬ ಹೊಗೆಯ ಮಾನದಂಡಕ್ಕಿಂತ ಹಳೆಯ ಕಾರಾದ್ದರಿಂದ ನಿಮಗೆ ಆರು ತಿಂಗಳಿಗೊಮ್ಮೆ ಪಿಯುಸಿ ಬೇಕು. ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೊಕಾರ್ಬನ್ ಅಳೆಯುತ್ತಾರೆ, ಡೀಸೆಲ್‌ಗೆ ಹೊಗೆಯ ದಟ್ಟಣೆ ಅಳೆಯುತ್ತಾರೆ. ಎರಡರ ಉಪಕರಣವೇ ಬೇರೆ. ನಿಮ್ಮ ಎಂಎಚ್ 14 ನಂಬರ್ ಹಾಕಿದ ಕೂಡಲೇ ಸರ್ಕಾರದ ವಾಹನ್ ದಾಖಲೆಯಿಂದ ಇಂಧನ ಪೆಟ್ರೋಲ್ ಎಂದೇ ಬರುತ್ತದೆ. ಡೀಸೆಲ್ ಹೊಗೆಯನ್ನು ಅಲ್ಲಿ ಹೇಗೆ ತೋರಿಸುತ್ತೀರಿ? ಪರಿಚಯದವರನ್ನು ಹಿಡಿದು ಸುಳ್ಳು ಪ್ರಮಾಣಪತ್ರ ಮಾಡಿಸಬೇಕಾಗುತ್ತದೆ, ಪ್ರತಿ ಆರು ತಿಂಗಳಿಗೊಮ್ಮೆ. ಎರಡನೆಯದು ವಿಮೆ. ಆರ್‌ಸಿಯಲ್ಲಿ ಒಂದು, ಬಾನೆಟ್ ಕೆಳಗೆ ಇನ್ನೊಂದು ಇದ್ದರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಬೇರೆ ಕಾರಣ ಬೇಕಿಲ್ಲ. ನಿಮ್ಮ ಕಾರಿನ ನಷ್ಟವಾದರೆ ಹೇಗೋ ಸಹಿಸಬಹುದು. ದಾರಿಯಲ್ಲಿ ಹೋಗುವ ಯಾರಿಗೋ ಪೆಟ್ಟಾಗಿ, ಆ ಪರಿಹಾರ ಕೊನೆಗೆ ನಿಮ್ಮ ತಲೆಯ ಮೇಲೆ ಬಂದರೆ ಮನೆ ಮಾರಿದರೂ ಸಾಲದು.

ಮೂರನೆಯದು 2028. ನಿಮ್ಮ ಕಾರು 2003ರ ನೋಂದಣಿ. 15 ವರ್ಷ ತುಂಬಿ 2018ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಐದೈದು ವರ್ಷಕ್ಕೆ ನವೀಕರಣವಾಗಿರಬೇಕು. ಮುಂದಿನ ಸಲ 2028ರಲ್ಲಿ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಇನ್‌ಸ್ಪೆಕ್ಟರ್ ಮೊದಲು ನೋಡುವುದು ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್. ಅಲ್ಲಿ ಸಿಕ್ಕಿಬಿದ್ದರೆ ನವೀಕರಣ ಇಲ್ಲ, ನವೀಕರಣ ಇಲ್ಲದಿದ್ದರೆ ಕಾರು ಗುಜರಿಗೆ. ತಂದೆಯವರ ಕಾರನ್ನು ಉಳಿಸಿಕೊಳ್ಳಬೇಕೆಂದು ನೀವು ಮಾಡುವ ಕೆಲಸವೇ ಅದನ್ನು ಕಳೆದುಕೊಳ್ಳುವ ದಾರಿಯಾಗುತ್ತದೆ. ನನಗೆ ಎಲ್ಲಕ್ಕಿಂತ ನೋವಾಗುವುದು ಈ ಸಂಗತಿಗೆ.

ಆ ಎಂಜಿನ್ ಎಲ್ಲಿಂದ ಬಂತು ಎಂಬುದನ್ನೂ ಕೇಳಿ. ಅಪಘಾತವಾದ ಕಾರಿನ ಆರ್‌ಸಿ ರದ್ದಾಗಿದೆಯೇ? ಬಿಲ್ ಕೊಡುತ್ತಾರೆಯೇ? ಕಳುವಾದ ಕಾರುಗಳ ಎಂಜಿನ್ ಹೀಗೆಯೇ ಕೈ ಬದಲಾಗುತ್ತವೆ. ನಂಬರ್ ಉಜ್ಜಿದ ಎಂಜಿನ್ ನಿಮ್ಮ ಕಾರಿನಲ್ಲಿ ಸಿಕ್ಕರೆ ಪೊಲೀಸರು ಪ್ರಶ್ನೆ ಕೇಳುವುದು ನಿಮ್ಮನ್ನೇ.

ಈಗ ದುಡ್ಡಿನ ಲೆಕ್ಕ. ಬೆಳಗಾವಿಗೆ ಹೋಗಿ ಬರಲು 700 ಕಿ.ಮೀ., ಊರೊಳಗೆ 400 ಎಂದಿಟ್ಟುಕೊಳ್ಳೋಣ. ತಿಂಗಳಿಗೆ 1,100. ಪೆಟ್ರೋಲ್ ಲೀಟರಿಗೆ 104, ಡೀಸೆಲ್ 91 ಎಂದು ಹಿಡಿಯಿರಿ. ಈಗಿನ 11ರ ಲೆಕ್ಕದಲ್ಲಿ ನಿಮಗೆ 100 ಲೀಟರ್ ಬೇಕು, 10,400 ರೂಪಾಯಿ. ಎಂಜಿನ್ ಸರಿಪಡಿಸಿ 15 ಕೊಡುವಂತಾದರೆ 73 ಲೀಟರ್, ಸುಮಾರು 7,600. ಡೀಸೆಲ್ ಹಾಕಿ 20 ಕೊಟ್ಟರೆ 55 ಲೀಟರ್, ಸುಮಾರು 5,000. ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನೀವು ಡೀಸೆಲ್‌ನಿಂದ ಬರುತ್ತದೆಂದುಕೊಂಡ ಉಳಿತಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ದುರಸ್ತಿಯಿಂದಲೇ ಸಿಗುತ್ತದೆ. ಉಳಿದ 2,600 ರೂಪಾಯಿಗೋಸ್ಕರ ಮಾತ್ರ ಡೀಸೆಲ್. ಅದಕ್ಕೆ ಖರ್ಚೆಷ್ಟು? ಮೆಕ್ಯಾನಿಕ್ ಹೇಳಿದ 85,000ದಲ್ಲಿ ಸ್ಪ್ರಿಂಗ್, ಬ್ರೇಕ್, ರೇಡಿಯೇಟರ್, ಎಸಿಯ ಪೈಪು, ಬ್ಯಾಟರಿ, ಟ್ಯಾಂಕ್, ಇಂಜೆಕ್ಟರ್ ರಿಪೇರಿ ಯಾವುದೂ ಸೇರಿರುವುದಿಲ್ಲ. ನಾನು ಕಂಡ ಇಂಥ ಕೆಲಸಗಳಲ್ಲಿ ಹೇಳಿದ್ದರ ಎರಡು ಪಟ್ಟಿಗಿಂತ ಕಡಿಮೆಗೆ ಮುಗಿದದ್ದನ್ನು ನೋಡಿಲ್ಲ. 1,70,000 ಆಯಿತೆನ್ನಿ. ಅದರಲ್ಲಿ ಪೆಟ್ರೋಲ್ ಎಂಜಿನ್ ದುರಸ್ತಿಗೆ ಹೇಗೂ ತಗುಲುತ್ತಿದ್ದ 45,000 ಕಳೆದರೂ 1,25,000 ಉಳಿಯುತ್ತದೆ. 2,600ರಂತೆ ಅದು ವಾಪಸು ಬರಲು ನಾಲ್ಕು ವರ್ಷ ಬೇಕು. ಅಷ್ಟರೊಳಗೆ 2028 ಬಂದಿರುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ನಿಮ್ಮ ಪತ್ರದಲ್ಲಿರುವ ಲಕ್ಷಣಗಳನ್ನು ಓದಿದರೆ ಎಂಜಿನ್ ಸತ್ತಿದೆ ಎಂದು ನನಗೆ ಅನಿಸುವುದಿಲ್ಲ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ನೀಲಿ ಹೊಗೆ ಬಂದು ಆಮೇಲೆ ನಿಂತರೆ ಅದು ಬಹುಮಟ್ಟಿಗೆ ವಾಲ್ವ್ ಸೀಲ್‌ಗಳ ದೂರು. ರಾತ್ರಿಯೆಲ್ಲ ಎಣ್ಣೆ ವಾಲ್ವ್ ಕಾಂಡದ ಗುಂಟ ತೊಟ್ಟಿಕ್ಕಿ ಒಳಗೆ ಇಳಿದಿರುತ್ತದೆ. ಆ ರಬ್ಬರ್ ಸೀಲ್‌ಗಳು ಇಪ್ಪತ್ತು ವರ್ಷದಲ್ಲಿ ಕಲ್ಲಾಗುವುದು ಸಹಜ. ಪಿಸ್ಟನ್ನಿನ ರಿಂಗ್ ಸವೆದಿದ್ದರೆ ಗಾಡಿ ಏರು ಹತ್ತುವಾಗ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಹಿಂದೆ ನೀಲಿ ಪರದೆ ಕಾಣಬೇಕು. ಮುಂದಿನ ಸಲ ಘಾಟಿಯಲ್ಲಿ ಹಿಂದಿನ ಗಾಡಿಯವರನ್ನು ಗಮನಿಸಲು ಹೇಳಿ, ಇಲ್ಲವೇ ಕನ್ನಡಿಯಲ್ಲಿ ನೀವೇ ನೋಡಿ.

ಎಳೆತ ಕಡಿಮೆಯಾಗಿ ಮೈಲೇಜ್ ಬಿದ್ದಿರುವುದಕ್ಕೆ ಎಂಜಿನ್ ಹೊರಗೂ ಕಾರಣಗಳಿವೆ. ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡರೆ ಎಂಜಿನ್ ಉಸಿರು ಬಿಡಲಾಗದೆ ಏರಿನಲ್ಲಿ ಒದ್ದಾಡುತ್ತದೆ. ಎಣ್ಣೆ ಸುಡುವ ಗಾಡಿಯಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಕ್ಸಿಜನ್ ಸೆನ್ಸರ್ ಕೆಟ್ಟರೆ ಪೆಟ್ರೋಲ್ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತದೆ. ಕ್ಲಚ್ ಜಾರುತ್ತಿದ್ದರೆ ಸುತ್ತು ಏರುತ್ತದೆ, ವೇಗ ಏರುವುದಿಲ್ಲ. ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ತಾಗಿಕೊಂಡೇ ಇದ್ದರೆ ನಾಲ್ಕಾರು ಕಿ.ಮೀ. ಓಡಿಸಿ ನಿಲ್ಲಿಸಿದಾಗ ಚಕ್ರದ ನಡು ಮುಟ್ಟಲಾಗದಷ್ಟು ಬಿಸಿ ಇರುತ್ತದೆ. ಇವನ್ನೆಲ್ಲ ನೋಡದೆ ಎಂಜಿನ್ ಬಿಚ್ಚುವವರ ಬಳಿ ಕಾರು ಬಿಡಬೇಡಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂದು ಮನೆಯಲ್ಲಿ ಹಳೆಯ ಬಿಲ್ ಇದ್ದರೆ ಹುಡುಕಿ. ಈ ಎಂಜಿನ್‌ನದು ಚೈನ್ ಅಲ್ಲ, ಬೆಲ್ಟ್. ದಾಖಲೆ ಸಿಗದಿದ್ದರೆ ಮುಂದಿನ ಬೆಳಗಾವಿ ಪ್ರಯಾಣಕ್ಕೆ ಮೊದಲೇ ಹೊಸದನ್ನು ಹಾಕಿಸಿಬಿಡಿ.

ರಿಂಗ್ ಸವೆದದ್ದೇ ನಿಜವಾದರೂ ಹೆದರಬೇಕಿಲ್ಲ. ರಿಂಗ್, ಬೇರಿಂಗ್, ವಾಲ್ವ್ ಸೀಲ್, ಹೆಡ್ ಗ್ಯಾಸ್ಕೆಟ್ ಎಲ್ಲವೂ ಈಗಲೂ ಅಂಗಡಿಯಲ್ಲಿ ಸಿಗುತ್ತವೆ. ಇವನ್ನು ಬದಲಿಸುವ ಹಾಫ್ ಎಂಜಿನ್ ಕೆಲಸ ಚೆನ್ನಾಗಿ ಮಾಡಿಸಿದರೆ ಈ ಎಂಜಿನ್ ಇನ್ನೂ ಒಂದು ಲಕ್ಷ ಕಿ.ಮೀ. ಸುಲಭವಾಗಿ ಓಡುತ್ತದೆ. ಬ್ಲಾಕ್ ಹಾಳಾಗಿದ್ದರೆ ಇನ್ನೊಂದು ಝೆನ್‌ನ ಅದೇ ಪೆಟ್ರೋಲ್ ಎಂಜಿನ್ ಹಾಕಿಸಿ. ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಸಿಗುತ್ತದೆ. ಬಿಲ್ ಇಟ್ಟುಕೊಂಡು, ಮೊದಲು ಅನುಮತಿ ಪಡೆದು, ಬದಲಿಸಿದ 14 ದಿನದೊಳಗೆ ವರದಿ ಮಾಡಿ ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿ. ಎಂಜಿನ್ ಬದಲಾಯಿಸುವ ನಿಮ್ಮ ಆಸೆಯೂ ಆಗ ನೆರವೇರುತ್ತದೆ, ನೆಟ್ಟಗಿನ ದಾರಿಯಲ್ಲಿ. ಭಾನುವಾರಗಳಂದು ನೀವೂ ಸ್ಪ್ಯಾನರ್ ಹಿಡಿದು ನಿಲ್ಲಿ, ಕಲಿಯುವುದು ಬಹಳ ಇದೆ.

ಖರ್ಚು ಇನ್ನೂ ಇಳಿಯಬೇಕೆಂದರೆ ಅನುಮೋದಿತ ಸಿಎನ್‌ಜಿ ಕಿಟ್ ಯೋಚಿಸಬಹುದು. ಪುಣೆ, ಪಿಂಪ್ರಿ ಚಿಂಚವಡದಲ್ಲಿ ಬಂಕ್‌ಗಳಿಗೆ ಕೊರತೆಯಿಲ್ಲ. ಆದರೆ ಎಂಜಿನ್ ಸರಿಯಾದ ಮೇಲೆಯೇ. ಸವೆದ ಎಂಜಿನ್‌ಗೆ ಸಿಎನ್‌ಜಿ ಹಾಕಿದರೆ ಈಗಿನ ಎಳೆತವೂ ಉಳಿಯುವುದಿಲ್ಲ. ಝೆನ್‌ನ ಪುಟ್ಟ ಡಿಕ್ಕಿ ಪೂರ್ತಿ ಸಿಲಿಂಡರಿಗೆ ಹೋಗುತ್ತದೆ, ಊರಿನಿಂದ ಅಮ್ಮ ಕಟ್ಟಿಕೊಡುವ ರೊಟ್ಟಿ, ಜೋಳದ ಚೀಲ ಎಲ್ಲಿಡುವುದು ಎಂಬುದನ್ನೂ ಯೋಚಿಸಿ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಕಡ್ಡಾಯ.

ಡೀಸೆಲ್ಲೇ ಬೇಕೆಂದು ಮನಸ್ಸು ಹಟ ಹಿಡಿದರೆ ಇಡೀ ಸ್ವಿಫ್ಟ್ ಡೀಸೆಲ್ಲನ್ನೇ ಸೆಕೆಂಡ್ ಹ್ಯಾಂಡ್ ಕೊಳ್ಳಿ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಾಗ ಮಾರುತಿಯವರು ಡೀಸೆಲ್ ಕಾರು ನಿಲ್ಲಿಸಿದರು, ಹಾಗಾಗಿ ಸಿಗುವವೆಲ್ಲ ಅದಕ್ಕಿಂತ ಹಿಂದಿನವು. ಎಂಜಿನ್ ಓಡುತ್ತಿರುವಾಗ ಎಣ್ಣೆಯ ಮುಚ್ಚಳ ತೆಗೆದು ನೋಡಿ. ಹೊಗೆ ಬುಸುಬುಸು ಎಂದು ಬಂದರೆ ಬೇಡ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಮುಂಭಾಗದಿಂದ ಸರಪಳಿಯ ಗಲಗಲ ಸದ್ದು ಕೇಳಿದರೆ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಿಲ್ಲವೆಂದು ತಿಳಿಯಿರಿ, ಏಕೆಂದರೆ ಈ ಎಂಜಿನ್‌ನಲ್ಲಿ ಟೈಮಿಂಗ್ ಚೈನ್ ಇದ್ದು, ಹಳೆಯ ಎಣ್ಣೆಯಲ್ಲಿ ಅದು ಉದ್ದವಾಗುತ್ತದೆ. ಇಂಜೆಕ್ಟರ್‌ಗಳಿಂದ ಎಷ್ಟು ಡೀಸೆಲ್ ಹಿಂದಕ್ಕೆ ಸೋರುತ್ತದೆಂದು ಅಳೆಯುವ ಲೀಕ್‌ಬ್ಯಾಕ್ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. ಆ ಸ್ವಿಫ್ಟ್ ಬೆಳಗಾವಿಗೆ, ಝೆನ್ ಊರೊಳಗೆ. ಅಂಗಳದಲ್ಲಿ ಎರಡಕ್ಕೂ ಜಾಗವಿದ್ದರೆ ಅದೂ ಒಂದು ದಾರಿಯೇ.

ಸದ್ಯಕ್ಕೆ ಈ ಭಾನುವಾರ ಒಂದು ಕೆಲಸ ಮಾಡಿ. ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿಸಿ, ಇಗ್ನಿಷನ್ ಮತ್ತು ಇಂಜೆಕ್ಟರ್ ಕನೆಕ್ಟರ್ ತೆಗೆಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಂದೊಂದೇ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆಯಿಸಿ, ನಾಲ್ಕೂ ಅಂಕಿಗಳನ್ನು ಬರೆದುಕೊಳ್ಳಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೊಮ್ಮೆ ಅಳೆಯಿರಿ. ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ನಾಲ್ಕೂ ಅಂಕಿಗಳು ಒಂದಕ್ಕೊಂದು ಶೇ 10ರ ಒಳಗೇ ಇದ್ದು, ಸರ್ವಿಸ್ ಪುಸ್ತಕದ ಮಿತಿಗಿಂತ ಮೇಲಿದ್ದರೆ ಬರೀ ವಾಲ್ವ್ ಸೀಲ್ ಬದಲಿಸಿ, ಕ್ಯಾಟಲಿಟಿಕ್ ಕನ್ವರ್ಟರ್ ನೋಡಿಸಿ. ಅಳೆದ ಎಲ್ಲ ಅಂಕಿಗಳನ್ನೂ ನನಗೆ ಬರೆದು ಕಳಿಸಿ, ಮುಂದಿನದನ್ನು ಅವುಗಳನ್ನು ನೋಡಿ ಹೇಳುತ್ತೇನೆ.